ಒಂದೇ ಹೆಸರಿನ ಎರಡು ಪೊಟ್ಟಣ

ನನ್ನ ಹೊಟ್ಟೆ ಮುಂದೆ ಬರತೊಡಗಿದಾಗ ಅದನ್ನು ಬೇನೆ ಎಂದು ಯಾರೂ ತಿಳಿಯಲಿಲ್ಲ. ಪುರ್ತಗೇರಿಗೆ ನಾನು ಸೊಸೆಯಾಗಿ ಬಂದು ಬಹಳ ವರ್ಷಗಳಾಗಿದ್ದವು. ನನಗಿಂತ ತಡವಾಗಿ ಮದುವೆಯಾದವರ ಮಕ್ಕಳು ಓಣಿಯಲ್ಲಿ ಓಡಾಡುತ್ತಿದ್ದವು. ಹೀಗಿರುವಾಗ ಮುಟ್ಟು ನಿಂತಿತು, ಊಟ ಸೇರದಾಯಿತು, ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲದಾಯಿತು. ಅತ್ತೆಯ ಮುಖ ಅರಳಿತು. ಹೊಲಕ್ಕೆ ಬುತ್ತಿ ಒಯ್ಯುವ ಕೆಲಸ ತಪ್ಪಿಸಿದರು, ನೀರಿನ ಕೊಡ ಮುಟ್ಟಗೊಡಲಿಲ್ಲ. ಏನು ತಿನ್ನಬೇಕೆನಿಸುತ್ತದೆ ಎಂದು ದಿನವೂ ಕೇಳುವರು. ನನಗೆ ಏನೂ ಬೇಡವಾಗಿತ್ತು. ಅವರ ಸಂತೋಷಕ್ಕೆಂದು ಹುಣಸೆಹಣ್ಣು ಕೇಳುತ್ತಿದ್ದೆ.

ಇದು ನರಗುಂದದ ಕೋಟೆಗೆ ಇಂಗ್ರೇಜಿ ಗೋರಾ ಸಿಪಾಯಿಗಳು ಬರುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನನಗೆ ಬರೆಯಲು ಬಾರದು. ನಾನು ಹೇಳಿದ್ದನ್ನು ಮೈದುನನ ಮಗ, ಸಾಲಿಯ ಮಾಸ್ತರ, ಬರೆದಿದ್ದಾನೆ. ಭಾಷೆ ಅವನದು, ಅನುಭವಿಸಿದ್ದು ನನ್ನದು.

ಗಜೇಂದ್ರಗಡದ ನೇಕಾರರಿಂದ ಹಸಿರು ಸೀರೆ ತರಿಸಿ ನನಗೆ ಕುಬಸ ಮಾಡಿದರು. ಬಸುರಿಗೆ ಮಾಡುವ ಆ ಸಂಭ್ರಮದಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಮೊಣಕೈ ತನಕ ಹಸಿರು ಬಳೆ ತೊಡಿಸಿದರು, ಉಡಿ ತುಂಬಿದರು, ಹಾಡಿದರು. ಕಾಲು ಬಾತಿದ್ದವು, ಮುಖ ಬಿಳಿಚಿತ್ತು. ಬಸುರಿಯ ಮೈ ಎಂದರೆ ಹೀಗೇ ಎಂದು ನನಗೆ ನಾನೇ ಹೇಳಿಕೊಂಡೆ. ಹೊಟ್ಟೆಯಲ್ಲಿ ಗುಳುಗುಳು ಎಂದರೆ ಕೂಸು ಆಡುತ್ತಿದೆ ಎಂದು ತಿಳಿದು, ಕದ ಮುಚ್ಚಿಕೊಂಡು ಅದರ ಕೂಡ ಮಾತಾಡುತ್ತಿದ್ದೆ.

ತಿಂಗಳು ತುಂಬಿದವು, ತುಂಬಿ ಮುಂದೆಯೂ ಹೋದವು. ಹೆರಿಗೆ ಬೇನೆ ಬರಲಿಲ್ಲ. ಕೊನೆಗೆ ಅತ್ತೆ ಸೂಲಗಿತ್ತಿಯನ್ನು ಕರೆಸಿದರು. ಆಕೆ ನನ್ನನ್ನು ಅಂಗಾತ ಮಲಗಿಸಿ, ಹೊಟ್ಟೆಯ ಒಂದು ಮಗ್ಗುಲಿಗೆ ಅಂಗೈ ಇಟ್ಟು ಇನ್ನೊಂದು ಮಗ್ಗುಲಿಗೆ ಬೆರಳಿನಿಂದ ತಟ್ಟಿದಳು. ಒಳಗೆ ಏನೋ ತೆರೆಯ ಹಾಗೆ ಹೊರಳಿ ಆ ಕಡೆ ಬಡಿದದ್ದು ನನಗೇ ಗೊತ್ತಾಯಿತು. ಆಕೆ ಮತ್ತೊಮ್ಮೆ ತಟ್ಟಲಿಲ್ಲ. ಅತ್ತೆಯನ್ನು ಹೊರಗೆ ಕಳಿಸಿ, ನನ್ನ ಸೆರಗು ಸರಿಪಡಿಸಿ, ಕಿವಿಯ ಹತ್ತಿರ ಬಾಗಿ ಹೇಳಿದಳು.

"ಕೂಸಿಲ್ಲ ನನ್ನವ್ವ. ನೀರು ತುಂಬೇತಿ."

ನಾನು ಅಳಲಿಲ್ಲ. ಇಷ್ಟು ದಿನ ನಾನು ಯಾರ ಕೂಡ ಮಾತಾಡುತ್ತಿದ್ದೆ ಎಂಬುದೊಂದೇ ತಲೆಯಲ್ಲಿ ಉಳಿಯಿತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಂದಿನಿಂದ ಅವರು ನನ್ನ ಮುಖವನ್ನಷ್ಟೇ ನೋಡಿ ಮಾತಾಡುತ್ತಿದ್ದರು, ಹೊಟ್ಟೆಯ ಕಡೆ ಕಣ್ಣು ಇಳಿಸುತ್ತಿರಲಿಲ್ಲ. ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಹಸಿರು ಬಳೆಗಳನ್ನು ತೆಗೆಯುವಂತಿರಲಿಲ್ಲ, ಗಂಡ ಇದ್ದವಳು. ಕೈ ಎತ್ತಿದಾಗೊಮ್ಮೆ ಅವು ಸಪ್ಪಳ ಮಾಡುತ್ತಿದ್ದವು.

ಉಬ್ಬಸ ಹೆಚ್ಚಾದಾಗ ನನ್ನ ಗಂಡ ಚಕ್ಕಡಿ ಹೂಡಿ ನನ್ನನ್ನು ತವರಿಗೆ, ಶಿರೋಳಕ್ಕೆ, ಕರೆದುಕೊಂಡು ಹೊರಟರು. ಅಲ್ಲಿಂದ ನರಗುಂದ ಹತ್ತಿರ. ಹೊಟ್ಟೆಯ ಬೇನೆಗೆ ಹೆಸರಾದ ಗುರುಪಾದಯ್ಯ ಎಂಬ ಜಂಗಮ ವೈದ್ಯರು ಅಲ್ಲಿದ್ದರು, ಜನ ಅವರನ್ನು ಅಯ್ಯನವರು ಎನ್ನುತ್ತಿದ್ದರು. ರೋಣದಲ್ಲಿ ಎತ್ತು ಬಿಚ್ಚಿ ನೀರು ಕುಡಿಸುವಾಗ, ನನ್ನ ಗಂಡ ಒಂದು ಮಾತು ಆಡಿದರು. "ನೀ ಉಳದ ಬಾ. ಕೂಸಿನ ಮಾತು ಆಮ್ಯಾಲ." ಆ ಮಾತನ್ನು ಎಷ್ಟೋ ದಿನ ನೆನೆಸಿಕೊಂಡೆ.

ತವರಿನಲ್ಲಿ ಅಪ್ಪ ಇರಲಿಲ್ಲ. ಅಪ್ಪನ ತಮ್ಮ ಬಸಪ್ಪ ಕಾಕಾ ಮನೆತನ ನಡೆಸುತ್ತಿದ್ದ. ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲೇ ತೀರಿದ್ದಳು. ಆಗ ಹುಟ್ಟಿದ ಮಗಳನ್ನು ನನ್ನ ಅವ್ವ ಎದೆಹಾಲು ಕೊಟ್ಟು ಬೆಳೆಸಿದ್ದಳು. ನಮ್ಮಿಬ್ಬರಿಗೂ ಅಜ್ಜಿಯ ಹೆಸರೇ, ನೀಲವ್ವ. ನಾನು ಹಿರೇ ನೀಲವ್ವ, ಅವಳು ಸಣ್ಣ ನೀಲವ್ವ. ಮನೆಯಲ್ಲಿ ಯಾರಾದರೂ ಬರೀ "ನೀಲವ್ವ" ಎಂದು ಕೂಗಿದರೆ ಇಬ್ಬರೂ ಓ ಎನ್ನುತ್ತಿದ್ದೆವು. ಅದು ನಮಗೊಂದು ಆಟವಾಗಿತ್ತು.

ನಾನು ಹೋದಾಗ ಅವಳೂ ರೋಣದ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಿದ್ದಳು. ಆರು ತುಂಬಿ ಏಳರಲ್ಲಿತ್ತು. ಚಕ್ಕಡಿಯಿಂದ ಇಳಿಯುತ್ತಲೇ ನನ್ನ ಕಣ್ಣು ಅವಳ ಹೊಟ್ಟೆಗೆ ಹೋಯಿತು, ಅವಳ ಕಣ್ಣು ನನ್ನ ಹೊಟ್ಟೆಗೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸಣ್ಣ ನೀಲವ್ವ ಮಾತ್ರ ನಡೆದು ಬಂದು, ಹೊಟ್ಟೆಗೆ ಹೊಟ್ಟೆ ತಾಗಿಸಿ ನಿಂತು, "ಅಕ್ಕಾ, ನಿಂದ ದೊಡ್ಡದು" ಎಂದಳು. ನಾನು ನಕ್ಕುಬಿಟ್ಟೆ. ತಿಂಗಳುಗಳಿಂದ ಯಾರೂ ನನ್ನ ಹೊಟ್ಟೆಯ ಬಗ್ಗೆ ಬಾಯಿಬಿಟ್ಟು ಮಾತಾಡಿರಲಿಲ್ಲ.

ಕಾಕಾ ನಮ್ಮಿಬ್ಬರನ್ನೂ ಒಂದೇ ಚಕ್ಕಡಿಯಲ್ಲಿ ನರಗುಂದಕ್ಕೆ ಕರೆದೊಯ್ದ. ಗುಡ್ಡದ ಬುಡದ ಓಣಿಯಲ್ಲಿ ಅಯ್ಯನವರ ಮನೆ. ಮುಂದೆ ಉದ್ದನೆಯ ಜಗುಲಿ, ಅದರ ತುಂಬ ಮಂದಿ. ಜ್ವರದವರು, ಹುಣ್ಣಿನವರು, ಕೂಸು ಎತ್ತಿಕೊಂಡ ತಾಯಂದಿರು. ಅಲ್ಲಿ ಕೂತವರು ಮೊದಲು ತಮ್ಮ ಬೇನೆ ಹೇಳುತ್ತಾರೆ, ಆಮೇಲೆ ಪಕ್ಕದವರ ಬೇನೆ ಕೇಳುತ್ತಾರೆ, ತಮ್ಮದಕ್ಕಿಂತ ಅದು ದೊಡ್ಡದಾಗಿದ್ದರೆ ಸಮಾಧಾನ ಪಡುತ್ತಾರೆ. ನಮ್ಮಿಬ್ಬರನ್ನೂ ನೋಡಿದ ಮುದುಕಿಯೊಬ್ಬಳು, ಅಕ್ಕತಂಗಿಯರು ಕೂಡಿಯೇ ಬಸುರಾಗಿದ್ದೀರಿ, ಪುಣ್ಯವಂತರು ಎಂದಳು. ಸಣ್ಣ ನೀಲವ್ವ ನನ್ನ ಕೈ ಹಿಸುಕಿ, ಹೌದು ಎಂದು ಉತ್ತರಿಸಿದಳು.

ಗುರುಪಾದಯ್ಯನವರು ಸಣಕಲು ಮೈಯ, ಮೆಲ್ಲನೆ ಮಾತಾಡುವ ಮನುಷ್ಯ. ನನ್ನ ನಾಡಿಯನ್ನು ಬಹಳ ಹೊತ್ತು ಹಿಡಿದು ಕೂತರು. ಉಪ್ಪು ಬಿಡಬೇಕು, ರೊಟ್ಟಿ ಬಿಡಬೇಕು, ಆಕಳ ಹಾಲೊಂದೇ ಆಹಾರ ಎಂದರು. ಮೈಗೆ ತುಸು ಕಸುವು ಬಂದ ಮೇಲೆ ಜಾಪಾಳದ ಬೀಜ ಸೇರಿಸಿದ ಭೇದಿಯ ಪುಡಿ ಕೊಟ್ಟು ನೀರು ಇಳಿಸುವುದಾಗಿ ಹೇಳಿದರು. ಅದು ಬಿರುಸು ಔಷಧ, ಗಂಟಲು ಸುಡುತ್ತದೆ, ಹೆದರಬಾರದು ಎಂದೂ ಹೇಳಿದರು. ತಂಗಿಗೆ ಅಜೀರ್ಣವಿತ್ತು, ಊಟವಾದರೆ ಹೊಟ್ಟೆ ಉಬ್ಬರಿಸುತ್ತಿತ್ತು. ಅವಳಿಗೆ ಶುಂಠಿ, ಜೀರಿಗೆ, ಬೆಲ್ಲ ಕೂಡಿಸಿ ಕುಟ್ಟಿದ ಪುಡಿ. ಅದನ್ನು ಅವಳು ಅಲ್ಲೇ ಚಿಟಿಕೆ ಬಾಯಿಗೆ ಹಾಕಿಕೊಂಡು, ರುಚಿ ಐತಿ ಎಂದು ನಕ್ಕಳು.

ಹಾಲು ಕುಡಿದು ಬದುಕುವುದು ಹೇಳಿದಷ್ಟು ಸುಲಭವಲ್ಲ. ಮನೆಯಲ್ಲಿ ರೊಟ್ಟಿ ಸುಡುವ ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಹಾಲು ಕುಡಿಯುವ ಹೊತ್ತಿಗೆ ತಂಗಿ ಊಟದ ತಾಟು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು, ನನ್ನೆದುರು ಉಣ್ಣುತ್ತಿರಲಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಇಬ್ಬರೂ ಒರಗಿ ಕೂಡುತ್ತಿದ್ದೆವು. ಒಂದು ದಿನ ಅವಳು ಇದ್ದಕ್ಕಿದ್ದಂತೆ ನನ್ನ ಕೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಕೂಸು ಒದ್ದಿತು. ಸಣ್ಣ ಹಿಮ್ಮಡಿಯೊಂದು ನನ್ನ ಅಂಗೈಗೆ ತಾಗಿ ಸರಿದುಹೋಯಿತು. ಕೂಸು ಆಡುವುದೆಂದರೆ ಹೀಗೆ ಎಂಬುದು ನನಗೆ ಅಂದು ತಿಳಿಯಿತು. ಹೊಟ್ಟೆಕಿಚ್ಚು ಬರಬಹುದೆಂದು ಹೆದರಿದ್ದೆ. ಬರಲಿಲ್ಲ. ಇನ್ನೊಮ್ಮೆ ಒದೆಯಲಿ ಎಂದು ಕೈ ತೆಗೆಯದೆ ಕೂತಿದ್ದೆ.

ಕಡಲೆ ಬಿತ್ತುವ ದಿನಗಳಲ್ಲಿ ಕಾಕಾ ಒಬ್ಬನೇ ನರಗುಂದದ ಪೇಟೆಗೆ ಹೋದ. ಬರುವಾಗ ನಮ್ಮಿಬ್ಬರ ಔಷಧವನ್ನೂ ತರುವುದಿತ್ತು. ನನಗೆ ಭೇದಿ ಕೊಡುವ ಸಮಯ ಬಂದಿತ್ತು, ತಂಗಿಯ ಪುಡಿ ತೀರಿತ್ತು. ಅಂದು ಜಗುಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲವಂತೆ, ಊರೂರಿಗೆ ಜ್ವರ ಬಿದ್ದಿತ್ತು. ಅಯ್ಯನವರು ಎರಡು ಪೊಟ್ಟಣ ಕಟ್ಟಿದರು. ಎರಡೂ ಮುತ್ತಲ ಎಲೆಯವು, ಎರಡಕ್ಕೂ ಒಂದೇ ನೂಲು. ಇದು ನೀಲವ್ವನ ನೀರಿಗೆ, ಇದು ನೀಲವ್ವನ ಅಜೀರ್ಣಕ್ಕೆ ಎಂದು ಬಾಯಲ್ಲಿ ಹೇಳಿ ಕೊಟ್ಟರು. ಕಾಕಾ ಎರಡನ್ನೂ ರುಮಾಲಿನ ಚುಂಗಿನಲ್ಲಿ ಕಟ್ಟಿಕೊಂಡು ಬಂದ. ಮನೆಗೆ ಬಂದು ಬಿಚ್ಚಿ ಅವ್ವನ ಕೈಗೆ ಕೊಡುವಾಗ ಅವನೂ, ಇದು ಹಿರೇಕಿದು, ಇದು ಸಣ್ಣಾಕಿದು ಎಂದು ಹೇಳಿಯೇ ಕೊಟ್ಟ. ಅವ್ವ ಎರಡನ್ನೂ ಗೋಡೆಯ ಮಾಡದಲ್ಲಿ ಇಟ್ಟಳು. ತಪ್ಪಿದ್ದು ಎಲ್ಲಿ ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಕಟ್ಟುವಾಗಲೋ, ಕೇಳುವಾಗಲೋ, ಬಿಚ್ಚುವಾಗಲೋ, ಮಾಡದಿಂದ ಎತ್ತುವಾಗಲೋ. ಯಾವ ಕೈಯಲ್ಲಾದರೂ ಆಗಿರಬಹುದಿತ್ತು.

ಮರುದಿನ ಬೆಳಗ್ಗೆ ಇಬ್ಬರೂ ಮುಖ ತೊಳೆದು ಪಡಸಾಲೆಯಲ್ಲಿ ಕೂತೆವು. ಅವ್ವ ಮೊದಲು ತಂಗಿಗೆ ಕೊಟ್ಟಳು, ಬಸುರಿ ಹಸಿದಿರಬಾರದು ಎಂದು. ತಂಗಿ ಎಲೆಯನ್ನು ಮೂಗಿನ ಹತ್ತಿರ ಹಿಡಿದಳು.

"ದೊಡ್ಡವ್ವ, ಇದು ನಂದ ಏನು? ವಾಸನಿ ಬ್ಯಾರೆ ಐತಿ."

"ನಿಂದ ಐತಿ. ಅಯ್ಯಾರು ಏನರ ಬದಲ ಮಾಡಿರಬೇಕು. ಕೂಸಿನಂಗ ಮಾಡಬ್ಯಾಡ, ನುಂಗು."

ಅವಳು ಯಾವತ್ತೂ ಅವ್ವನ ಮಾತು ಮೀರಿದವಳಲ್ಲ. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಗಂಟಲು ಹಿಡಿದುಕೊಂಡಳು, ಉರೀತೈತಿ ಎಂದಳು. ಅವ್ವ ಬೆಲ್ಲದ ಚೂರು ಕೊಟ್ಟಳು. ಆಮೇಲೆ ನನ್ನ ಸರದಿ. ಬಿರುಸು ಔಷಧವೆಂದು ಮನಸ್ಸು ಗಟ್ಟಿಮಾಡಿಕೊಂಡು ಪುಡಿಯನ್ನು ನಾಲಿಗೆಯ ಮೇಲೆ ಹಾಕಿದೆ. ಶುಂಠಿ, ಜೀರಿಗೆ, ಬೆಲ್ಲ.

"ಅವ್ವಾ," ಎಂದೆ, "ಇದು ಸಿಹಿ ಐತಿ."

ಅವ್ವನ ಮುಖ ನಾನು ಹೇಳಲಾರೆ. ಆಕೆ ತಂಗಿಯ ಕಡೆ ತಿರುಗಿ, ಅವಳ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಲು ನೋಡಿದಳು. ಬಂದದ್ದು ಸ್ವಲ್ಪವೇ. ತುಪ್ಪ ಕುಡಿಸಿದರು, ಮಜ್ಜಿಗೆ ಕುಡಿಸಿದರು. ಕಾಕಾ ಕುದುರೆ ಬೇಡಿಕೊಂಡು ಬಂದು ನರಗುಂದಕ್ಕೆ ಓಡಿಸಿದ. ಅಷ್ಟರಲ್ಲಿ ತಂಗಿಗೆ ಭೇದಿ ಶುರುವಾಗಿತ್ತು.

ಅಯ್ಯನವರು ಬಿಸಿಲೇರುವುದರೊಳಗೆ ಬಂದರು. ತಮಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದರು. ಭೇದಿ ನಿಲ್ಲಲಿಲ್ಲ, ಅದರ ಬೆನ್ನಿಗೇ ಹೆರಿಗೆ ಬೇನೆ ಹತ್ತಿತು. ಕೂಸು ಉಸಿರಿಲ್ಲದೆ ಬಂತು. ಗಂಡು ಕೂಸು. ತಂಗಿ ಮರುದಿನ ಮಧ್ಯಾಹ್ನದ ತನಕ ಇದ್ದಳು. ನಡುನಡುವೆ ಕಣ್ಣು ತೆರೆದು, ನನ್ನನ್ನು ನೋಡಿ, ನೀರು ಕೇಳುತ್ತಿದ್ದಳು. ಏನು ತಪ್ಪಿತೆಂದು ಅವಳಿಗೆ ಯಾರೂ ಹೇಳಲಿಲ್ಲ. ರೋಣದಿಂದ ಅವಳ ಗಂಡ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ಹೊಸ್ತಿಲ ಬಳಿ ಕೂತವನು ಒಳಗೆ ಬರಲೇ ಇಲ್ಲ. ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಹೊಲದಲ್ಲಿ ಮಣ್ಣು ಮಾಡಿದರು. ಅಯ್ಯನವರು ಅಲ್ಲಿಯ ತನಕ ಬಂದು, ನಡೆದುಕೊಂಡು ನರಗುಂದಕ್ಕೆ ಹೋದರು. ಇನ್ನು ಮೇಲೆ ನಮ್ಮ ಹೊಸ್ತಿಲು ತುಳಿಯಬೇಡಿ ಎಂದು ಕಾಕಾ ಅವರ ಬೆನ್ನಿಗೆ ಹೇಳಿದ.

ಬೇನೆ ಬಿದ್ದವರು ಬದುಕಿ ಉಳಿದರೆ ಸಂತೋಷಪಡುತ್ತಾರೆ ಎನ್ನುತ್ತಾರೆ. ನನ್ನ ಪಾಲಿನ ಔಷಧ ನುಂಗಿ ಅವಳು ಸತ್ತಿದ್ದಳು, ಅವಳ ಪಾಲಿನದನ್ನು ತಿಂದು ನಾನು ಕೂತಿದ್ದೆ. ಊರಲ್ಲಿ ಕೆಲವರು ಹಣೆಬರಹ ಎಂದರು. ಒಬ್ಬಾಕೆ, ಯಮನೂ ಹೆಸರು ತಪ್ಪಿದ ಎಂದು ನನಗೆ ಕೇಳುವಂತೆಯೇ ಅಂದಳು. ಅದನ್ನು ನಾನು ಒಳಗೊಳಗೇ ಒಪ್ಪಿದ್ದೆ. ಹೀಗೆ ಒಬ್ಬರ ಬದಲಿಗೆ ಉಳಿದವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಆ ಯೋಚನೆ ನಿಮಗೊಬ್ಬರಿಗೇ ಬಂದದ್ದಲ್ಲ. ನನಗೂ ಬಂದಿತ್ತು, ವರ್ಷಗಟ್ಟಲೆ ನನ್ನ ಜೊತೆಗೇ ಉಂಡಿತು, ಮಲಗಿತು.

ಮನೆಯಲ್ಲಿ ಮಾತು ನಿಂತಿತು. ಆಡಿದರೆ ಅದು ತಪ್ಪು ಹೊರಿಸುವ ಮಾತು. ಅಯ್ಯನವರು ಸರಿಯಾಗಿ ಹೇಳಲಿಲ್ಲ ಎಂದು ಕಾಕಾ. ನೀನು ತಿರುವುಮುರುವು ಮಾಡಿ ಕೊಟ್ಟೆ ಎಂದು ಅವ್ವ ಒಮ್ಮೆ ಅಂದಳು. ಕಾಕಾ ಎದ್ದು ಹೊಲಕ್ಕೆ ಹೋದ. ಆಮೇಲೆ ಅವ್ವ ಯಾರಿಗೂ ಏನನ್ನೂ ಕೈಯಾರೆ ಕೊಡುವುದನ್ನೇ ಬಿಟ್ಟಳು. ರೊಟ್ಟಿ ಸುಟ್ಟು ಬುಟ್ಟಿಯಲ್ಲಿ ಹಾಕುವಳು, ಬೇಕಾದವರು ತೆಗೆದುಕೊಳ್ಳಬೇಕು. ನಾನು ಎಲ್ಲ ಔಷಧ ನಿಲ್ಲಿಸಿದೆ. ಹಾಲನ್ನೂ ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದೆ. ಹೊಟ್ಟೆ ಮತ್ತೂ ಏರಿತು. ಮಲಗಿದರೆ ಉಸಿರು ನಿಲ್ಲುವಂತಾಗಿ, ಗೋಡೆಗೆ ಒರಗಿಯೇ ಹೊತ್ತು ಕಳೆಯುತ್ತಿದ್ದೆ. ನೋಡಲು ಬಂದ ನನ್ನ ಗಂಡ, ಗಜೇಂದ್ರಗಡದಲ್ಲಿ ಬೇರೆ ವೈದ್ಯರಿದ್ದಾರೆ ಎಂದರು. ಅವರೂ ಎಲೆಯಲ್ಲೇ ಕಟ್ಟಿ ಕೊಡುತ್ತಾರಲ್ಲ ಎಂದೆ.

ಜೋಳ ತೆನೆ ಕಟ್ಟುವ ಕಾಲಕ್ಕೆ ಒಂದು ಮುಂಜಾನೆ ಗುರುಪಾದಯ್ಯನವರು ತಾವಾಗಿಯೇ ಬಂದರು. ಕಾಕಾ ಬಾಗಿಲಲ್ಲಿ ಅಡ್ಡ ನಿಂತ. ಅವರು ಒಳಗೆ ಬರಲಿಲ್ಲ, ಅಂಗಳದಲ್ಲೇ ನೆಲದ ಮೇಲೆ ಕೂತರು. ಗುರುಸ್ಥಾನದ ಜಂಗಮರು ಅಂಗಳದ ಮಣ್ಣಿನಲ್ಲಿ ಕೂತದ್ದನ್ನು ನೋಡಿ ಅವ್ವ ಕಂಬಳಿ ತಂದಳು. ಅವರು ಬೇಡವೆಂದರು.

"ಬಸಪ್ಪ, ನೀ ಕೇಳೂದು ತಪ್ಪಿದಿ ಅಂತ ನಮ್ಮ ಮಂದಿ ಹೇಳತಾರ. ನಾನೂ ಹಂಗ ಅಂದಕೊಂಡು ಸಮಾಧಾನ ಮಾಡಕೋಬೇಕಂತ ನೋಡಿದೆ. ಆಗಲಿಲ್ಲ. ಒಂದ ಹೆಸರು, ಒಂದ ಎಲಿ, ಒಂದ ನೂಲು. ನೀ ಅಲ್ಲದಿದ್ರ ಮತ್ತೊಬ್ಬರು ತಪ್ಪತಿದ್ರು. ತಪ್ಪಲಿ ಅಂತ ನಾನ ಕಟ್ಟಿ ಕೊಟ್ಟಂಗ ಆತು."

"ನೀವು ಹಿಂಗ ಅಂದ್ರ ನನ್ನ ಮಗಳು ಬರತಾಳೇನ್ರಿ?" ಎಂದ ಕಾಕಾ.

"ಬರೂದಿಲ್ಲ."

ಅಷ್ಟೇ. ಅದಕ್ಕೆ ಅವರು ಶಿವನ ಇಚ್ಛೆ ಎಂಬ ಮಾತು ಸೇರಿಸಲಿಲ್ಲ. ಸೇರಿಸಿದ್ದರೆ ಕಾಕಾ ಅವರನ್ನು ಎಬ್ಬಿಸಿ ಕಳಿಸುತ್ತಿದ್ದ ಎಂದು ನನಗನ್ನಿಸುತ್ತದೆ.

ಆಮೇಲೆ ಅವರು, ಆ ಎರಡು ದಿನ ನಡೆದದ್ದನ್ನು ಒಬ್ಬೊಬ್ಬರೂ ಹೇಳಿರಿ, ಯಾರ ಮೇಲೂ ಹೊರಿಸುವುದಕ್ಕಲ್ಲ, ನನಗೆ ತಿಳಿಯಬೇಕು ಎಂದು ಕೇಳಿದರು. ಕಾಕಾ ಪೇಟೆಯಿಂದ ಹಿಡಿದು ರುಮಾಲು ಬಿಚ್ಚಿದ ತನಕ ಹೇಳಿದ. ಹೇಳುತ್ತ ಹೇಳುತ್ತ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದಿದ್ದ. ಅವ್ವನ ಸರದಿ ಬಂದಾಗ ಆಕೆ ಕಂಬ ಹಿಡಿದು ನಿಂತಳು. ಅಲ್ಲಿಯ ತನಕ ಯಾರ ಮುಂದೆಯೂ ಹೇಳಿರದ ಮಾತನ್ನು ಅಂದು ಹೇಳಿದಳು. ಪುಡಿ ಮೂಸಿ ಹುಡುಗಿ ಕೇಳಿದ್ದನ್ನು, ತಾನು ನುಂಗು ಎಂದದ್ದನ್ನು. ಅಯ್ಯನವರು ಅದನ್ನು ಇನ್ನೊಮ್ಮೆ ಹೇಳಲು ಕೇಳಿದರು. ಅವ್ವ ಇನ್ನೊಮ್ಮೆ ಹೇಳಿದಳು.

"ಕೇಳಿದಾಕಿ ಆಕಿ ಒಬ್ಬಾಕಿನ," ಎಂದರು ಅಯ್ಯನವರು. "ನಾ ಕೇಳಲಿಲ್ಲ, ಬಸಪ್ಪ ಕೇಳಲಿಲ್ಲ, ನೀ ಕೇಳಲಿಲ್ಲ. ಕೇಳಿದಾಕೀಗೆ ಉತ್ತರ ಕೊಡುವಂಗ ನಾವು ಯಾರೂ ಇರಲಿಲ್ಲ."

ಅವ್ವ ಅಂದು ಮೊದಲ ಸಲ ದೊಡ್ಡ ದನಿ ತೆಗೆದು ಅತ್ತಳು. ಮಣ್ಣು ಮಾಡಿದ ದಿನವೂ ಆಕೆ ಹಾಗೆ ಅತ್ತಿರಲಿಲ್ಲ. ಕಾಕಾ ಬಂದು ಆಕೆಯ ಪಕ್ಕದಲ್ಲಿ ಕೂತ.

ಅಯ್ಯನವರು ಹೊರಡುವ ಮೊದಲು ನನ್ನ ಬಳಿ ಬಂದರು. ಔಷಧ ತಗೋ ಎಂದು ಹೇಳಲಿಲ್ಲ. ನಿನಗ ಏನ ಹೆದರಿಕಿ ಐತಿ ಅದನ್ನ ಹೇಳು ಎಂದರು. ಯಾರೂ ನನ್ನನ್ನು ಹೀಗೆ ಕೇಳಿದ್ದಿಲ್ಲ. ಪೊಟ್ಟಣ ಕಂಡರೆ ಹೆದರಿಕೆ ಎಂದೆ. ಕೊಡುವ ಕೈಯಲ್ಲಿ ಪ್ರೀತಿ ಇದ್ದರೂ ಹೆದರಿಕೆ ಎಂದೆ. ಆ ಭೇದಿಯ ಪುಡಿಯನ್ನು ಸಾಯುವ ತನಕ ಮುಟ್ಟಲಾರೆ ಎಂದೆ. ಅವರು ಒಪ್ಪಿದರು. ಪೊಟ್ಟಣ ಬೇಡ, ಭೇದಿ ಬೇಡ, ಹಾಲೊಂದನ್ನೇ ಗಟ್ಟಿಯಾಗಿ ಹಿಡಿ, ಆಕಳನ್ನು ನಿನ್ನ ಕಣ್ಣೆದುರೇ ಹಿಂಡಿಸು, ತಡವಾಗಬಹುದು, ಆದರೂ ನೋಡೋಣ ಎಂದರು.

ಮರುದಿನದಿಂದ ಕಾಕಾ ಆಕಳನ್ನು ಪಡಸಾಲೆಯ ಮುಂದೆ ತಂದು ಕಟ್ಟಿ ಹಿಂಡತೊಡಗಿದ. ಬಿಸಿ ನೊರೆಯ ತಂಬಿಗೆಯನ್ನು ನೇರ ನನ್ನ ಕೈಗೇ ಕೊಡುವನು. ಮಗಳನ್ನು ಕಳಕೊಂಡವನು ನನಗೆ ಹಾಲು ಹಿಂಡುತ್ತಿದ್ದ. ಅವನ ಮುಖ ನೋಡುವ ಧೈರ್ಯ ನನಗೆ ಬಹಳ ದಿನ ಬರಲಿಲ್ಲ. ಬಂದ ದಿನ ನೋಡಿದೆ. ಅಲ್ಲಿ ಸಿಟ್ಟು ಇರಲಿಲ್ಲ, ಬರೀ ದಣಿವು ಇತ್ತು.

ನೀರು ಮೆಲ್ಲಮೆಲ್ಲನೆ ಇಳಿಯಿತು. ಮೊದಲು ಕಾಲಿನ ಬಾವು, ಆಮೇಲೆ ಮುಖದ್ದು, ಕಟ್ಟಕಡೆಗೆ ಹೊಟ್ಟೆ. ಸುಗ್ಗಿ ಮುಗಿಯುವ ಹೊತ್ತಿಗೆ ಅಂಗಾತ ಮಲಗಿ ನಿದ್ದೆ ಮಾಡಿದೆ. ಹೊಟ್ಟೆಯ ಚರ್ಮ ಹೆತ್ತವರದ್ದರಂತೆ ಜೋತುಬಿದ್ದಿತ್ತು, ಹೆತ್ತ ಕೂಸಿರಲಿಲ್ಲ. ಮುಂದೆಯೂ ನನಗೆ ಮಕ್ಕಳಾಗಲಿಲ್ಲ. ಉಪ್ಪು ಕಡಿಮೆ ಮಾಡಿದ್ದನ್ನು ಹಾಗೇ ನಡೆಸಿಕೊಂಡು ಬಂದಿದ್ದೇನೆ. ಮಳೆಗಾಲದಲ್ಲಿ ಕಾಲು ಬಾತರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಪುರ್ತಗೇರಿಗೆ ಮರಳಿದ ದಿನ ಅತ್ತೆ ಅಂಗಳದಲ್ಲೇ ನನ್ನನ್ನು ಹಿಡಿದುಕೊಂಡು, ಎರಡೂ ಕೈಯಿಂದ ನನ್ನ ಹೊಟ್ಟೆ ಸವರಿ ನೋಡಿದರು. ಅದಕ್ಕಿಂತ ದೊಡ್ಡ ಸಮಾಧಾನ ನನಗೆ ಬೇಕಿರಲಿಲ್ಲ.

ನರಗುಂದದಲ್ಲಿ ಅಯ್ಯನವರು ತಮ್ಮ ಜಗುಲಿಯ ರೀತಿಯನ್ನೇ ಬದಲಿಸಿದ್ದರು. ಬಿರುಸು ಔಷಧವನ್ನು ಯಾರ ಕೈಯಲ್ಲೂ ಮನೆಗೆ ಕಳಿಸುವುದನ್ನು ನಿಲ್ಲಿಸಿದರು. ಬೇಕಾದವರು ಅವರೆದುರೇ ಕುಡಿದು ಅಲ್ಲೇ ಕೂತಿರಬೇಕು. ಬಸುರಿಯರ ಪೊಟ್ಟಣಕ್ಕೆ ಅರಿಶಿನ ಹಚ್ಚಿದ ನೂಲು. ಔಷಧ ಕೈಗೆ ಕೊಡುವ ಮೊದಲು ಬೇನೆ ಬಿದ್ದವರೇ ಬಾಯಿಬಿಟ್ಟು ಹೇಳಬೇಕು: ಹೆಸರು, ಯಾರ ಪೈಕಿ, ಏನು ಬೇನೆ. ಹತ್ತು ಸಲ ಬಂದವರನ್ನೂ ಕೇಳುತ್ತಿದ್ದರು. ಹೇಳಿದ ಮೇಲೆ, ನಿನಗೇನಾದರೂ ಬೇರೆ ಅನ್ನಿಸಿದರೆ ನುಂಗಬೇಡ, ನನ್ನನ್ನು ಕೇಳು ಎನ್ನುತ್ತಿದ್ದರು. ಹಿರಿಯರಿಗೆ ಇದು ಸೇರಲಿಲ್ಲ, ನನ್ನ ಗುರುತು ನಿಮಗಿಲ್ಲವೇ ಎಂದು ಮುನಿದರು. ಯಾಕೆ ಹೀಗೆ ಎಂದು ಕೇಳಿದವರಿಗೆ ಅವರು ಮುಚ್ಚಿಡದೆ ಹೇಳುತ್ತಿದ್ದರು, ಶಿರೋಳದಲ್ಲಿ ನನ್ನಿಂದ ಹೀಗಾಯಿತು ಎಂದು. ಕೇಳಿ ಎದ್ದುಹೋದವರು ಬಹಳ. ಒಮ್ಮೆ ನಾನು ಅಲ್ಲಿ ಕೂತಿದ್ದಾಗಲೇ ಒಬ್ಬ ಬಸುರಿ ಸೆರಗು ಎಳೆದುಕೊಂಡು ಎದ್ದಳು. ಅಯ್ಯನವರು ತಡೆಯಲಿಲ್ಲ, ಅವಳ ಹೆದರಿಕೆ ನ್ಯಾಯವಾದದ್ದು ಎಂದರು. ಕಾಲಿಡಲು ಜಾಗವಿಲ್ಲದಿದ್ದ ಜಗುಲಿ ಅರ್ಧ ಬರಿದಾಗಿತ್ತು.

ಅದರ ಮುಂದಿನ ಮಳೆಗಾಲದಲ್ಲಿ ಕಾಕಾನಿಗೆ ಜ್ವರ ಹತ್ತಿತು. ಬಿಟ್ಟು ಬಿಟ್ಟು ಬರುವ ನಡುಕದ ಜ್ವರ. ಆ ಮುಂಜಾನೆಯ ಮಾತಾದ ಮೇಲೂ ಅವನು ನರಗುಂದದ ಆ ಓಣಿಗೆ ಕಾಲಿಟ್ಟಿರಲಿಲ್ಲ. ಮಗಳ ಹೆಸರನ್ನಂತೂ ಎತ್ತುತ್ತಲೇ ಇರಲಿಲ್ಲ. ನನ್ನನ್ನು ಕೂಗಬೇಕಾದರೂ "ಏ ಇವಳ" ಎನ್ನುತ್ತಿದ್ದ, ನನ್ನ ಹೆಸರೂ ಅದೇ ಆದ್ದರಿಂದ. ಸುದ್ದಿ ತಿಳಿದು ನಾನು ಶಿರೋಳಕ್ಕೆ ಬಂದೆ. ಬೇಡ ಬೇಡವೆನ್ನುತ್ತಿದ್ದವನನ್ನು ಚಕ್ಕಡಿಯಲ್ಲಿ ಮಲಗಿಸಿ ಕರೆದೊಯ್ದೆ.

ಜಗುಲಿಯ ಮೇಲೆ ನಾಲ್ಕಾರು ಜನ ಇದ್ದರು. ನಮ್ಮ ಸರದಿ ಬಂತು. ಅಯ್ಯನವರು ಕಾಕಾನನ್ನು ನೋಡಿದರು. ಚೆನ್ನಾಗಿ ಗುರುತಿದ್ದ ಮನುಷ್ಯ. ಆದರೂ ಎಲ್ಲರನ್ನು ಕೇಳುವಂತೆ ಇವನನ್ನೂ ಕೇಳಿದರು.

"ಹೆಸರು ಹೇಳ್ರಿ. ಯಾರ ಪೈಕಿ?"

ಎಲ್ಲರೂ ಅಪ್ಪನ ಹೆಸರನ್ನೋ ಮನೆತನದ ಹೆಸರನ್ನೋ ಹೇಳುವುದು ರೂಢಿ. ಕಾಕಾ ಕಂಬಳಿ ಹೊದ್ದು ನಡುಗುತ್ತ ಕೂತಿದ್ದ. ಸಿಟ್ಟಿಗೆದ್ದು ಹೊರಟುಬಿಡುತ್ತಾನೆ ಎಂದುಕೊಂಡೆ.

"ಬಸಪ್ಪ," ಎಂದ. "ಶಿರೋಳದ ಸಣ್ಣ ನೀಲವ್ವನ ಅಪ್ಪ."

ಅಯ್ಯನವರು ತಲೆದೂಗಿ, ಬೇನೆ ಏನೆಂದು ಕೇಳಿದರು. ಕಾಕಾ ಹೇಳಿದ. ಕೊಟ್ಟ ಕಷಾಯವನ್ನು ಮೂಸಿ ನೋಡಿದ, ಇದು ಜ್ವರದ್ದೇ ಹೌದಲ್ಲ ಎಂದು ಕೇಳಿದ, ಹೌದು ಎಂದ ಮೇಲೆ ಕುಡಿದ.

ಶಿರೋಳಕ್ಕೆ ಮರಳುವಾಗ ಮಳೆ ನಿಂತು ಕಪ್ಪು ಎರೆಯ ನೆಲ ಗಾಲಿಗೆ ಅಂಟುತ್ತಿತ್ತು, ಎತ್ತುಗಳು ನಿಧಾನ ನಡೆದವು. ಕಾಕಾ ಚಕ್ಕಡಿಯಲ್ಲಿ ಎದ್ದು ಕೂತು ಮಗಳ ಮಾತು ತೆಗೆದ. ಸಣ್ಣಾಕಿ ಚಿಕ್ಕವಳಿದ್ದಾಗ ಕರುವಿನ ಕೊರಳಿಗೆ ಜೋತುಬಿದ್ದು ಹೊಲದ ತನಕ ಹೋಗಿದ್ದಳು, ಗೊತ್ತೇನು ನೀಲವ್ವ ಎಂದು ಕೇಳಿದ. ಗೊತ್ತಿರಲಿಲ್ಲ, ಹೇಳು ಎಂದೆ. ಊರು ಬರುವ ತನಕ ಹೇಳಿದ.